ಗಯಾಕ್ಕೆ ಹೋಗಿ ಲಖನೌದಿಂದ ಬಂದದ್ದು

ಹುಮನಾಬಾದ
11 ಡಿಸೆಂಬರ್ 2024

ಸಂಘರತ್ನ ಅವರಿಗೆ,

ಜೈಭೀಮ್. ಇಲ್ಲಿ ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ನಿನ್ನೆ ನಿಮ್ಮ ತಂದೆಯವರೇ ಅಂಗಡಿಗೆ ಬಂದು ತಿಳಿಸಿ ಹೋದರು, ಹಾಗಾಗಿ ಕೇಳುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಅಳುತ್ತೇನೆ, ಕೊನೆಯ ಮಾತು ನಿಮ್ಮದೇ ಆಗುತ್ತದೆ. ಗಂಡನಿಗೆ ಬರೆಯುತ್ತಿರುವ ಮೊದಲ ಕಾಗದ ಇದು. ಪೂರ್ತಿ ಓದಿ.

ಎರಡು ವರ್ಷದಲ್ಲಿ ಮಾವನವರು ಈ ಮೆಟ್ಟಿಲು ಹತ್ತಿದವರಲ್ಲ. ಸೊಸೆ ಬಸ್ ನಿಲ್ದಾಣದೆದುರು ಕೂತು ಟಿಕೆಟ್ ಮಾರಿದರೆ ಈ ಲಾಲಪ್ಪನ ಮನೆಯ ಇಜ್ಜತ್ ಮಣ್ಣುಪಾಲಾಗುತ್ತದೆ ಎಂದವರು ಅವರು. ಅಂಗಡಿ ಬೇಕೋ ಮನೆ ಬೇಕೋ ಎಂದು ಕೇಳಿ, ನಾನು ಎರಡೂ ಬೇಕು ಎಂದಾಗ ನನ್ನ ಬ್ಯಾಗನ್ನು ಬಸವಕಲ್ಯಾಣದ ಮನೆಯ ಕಟ್ಟೆಗೆ ತಂದಿಟ್ಟವರು ನೀವು. ನಿನ್ನೆ ಮಾವನವರು ಅದೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿದರು, ಬಿಸ್ಕೀಟೂ ತಿಂದರು. ಇಜ್ಜತ್ತಿಗೆ ಏನೂ ಆದಂತೆ ಕಾಣಲಿಲ್ಲ.

ಆಮ್ರಪಾಲಿಗೆ ಹುಲಸೂರದ ಸಂಬಂಧ ಕೂಡಿ ಬಂದಿದೆ, ಭಾನುವಾರ ನಿಶ್ಚಯ ಎಂದರು. ನಿಮ್ಮ ತಂಗಿಯ ಒಳ್ಳೆಯ ಸುದ್ದಿ ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಆಮೇಲೆ ಅವರು, "ಎರಡು ದಿನದ ಮಟ್ಟಿಗೆ ಬಂದು ನಿಂತು ಹೋಗವ್ವ, ಆಮ್ಯಾಲ ನಿನ್ನ ಇಚ್ಛಾ. ನಿಮ್ಮಿಬ್ಬರ ಗಯಾದ ಫೋಟೋ ಗ್ವಾಡಿ ಮ್ಯಾಲ ಅದಲ್ಲ, ಬೀಗರು ಅದನ್ನ ನೋಡೇ ಹೂಂ ಅಂದಾರ. ಸಂಘರತ್ನ ಅದಕ್ಕಂತನೇ ಹೋಗಿ ತೆಗಿಸ್ಕೊಂಡು ಬಂದಾನ" ಎಂದರು. ಮುದುಕರು ಮೋಸ ಅರಿಯರು. ಮಗ ಮಾಡಿದ ಜಾಣತನವನ್ನು ಸೊಸೆಯ ಮುಂದೆ ಹೊಗಳುತ್ತಿದ್ದೇನೆ ಎಂದುಕೊಂಡರು.

ಅವರ ಬಸ್ಸಿನ ಹೊತ್ತಾಗಿತ್ತು, ಹತ್ತಿಸಿ ಬಂದೆ.

ಅಕ್ಟೋಬರ್‌ನಲ್ಲಿ ನೀವೇ ಫೋನ್ ಮಾಡಿದ್ದು ನೆನಪಿದೆಯೇ? ಎರಡು ವರ್ಷದಲ್ಲಿ ಅದೇ ಮೊದಲ ಫೋನ್. ನಮ್ಮ ವಿಹಾರದ ಮಂದಿ ಬುದ್ಧರ ನೆಲ ನೋಡಲು ಹೊರಟಿದ್ದರು. ಟಿಕೆಟ್ಟಿನ ಕೆಲಸ ನನ್ನದೇ ಎಂದು ನಿಮಗೆ ಗೊತ್ತಾಗಿತ್ತು. "ನಾನೂ ಬರ್ತೀನಿ, ಜೋಡೀಲೆ ಹೋಗಿ ಬರೂಣು, ಹಿಂದಿಂದೆಲ್ಲ ಬಿಡು" ಎಂದಿರಿ. ಆ ಮಾತು ಕೇಳಿ ನಾನು ಆ ದಿನ ಗಿರಾಕಿಯೊಬ್ಬರಿಗೆ ಸೋಲಾಪುರದ ಬದಲು ಕೊಲ್ಹಾಪುರದ ಟಿಕೆಟ್ ತೆಗೆದುಕೊಟ್ಟು ಬೈಸಿಕೊಂಡೆ.

ಪ್ರವಾಸ ಒಂದೂರಲ್ಲಿ ಶುರುವಾಗಿ ಇನ್ನೊಂದೂರಲ್ಲಿ ಮುಗಿಯುತ್ತದೆ ಎಂದು ಜನರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಹೈದರಾಬಾದಿನಿಂದ ವಿಮಾನದಲ್ಲಿ ಗಯಾಕ್ಕೆ ಇಳಿಯುವುದು, ಬುದ್ಧಗಯಾ, ರಾಜಗೀರ, ಸಾರನಾಥ, ಕುಶಿನಗರ ನೋಡುತ್ತ ಬಸ್ಸಿನಲ್ಲಿ ಶ್ರಾವಸ್ತಿವರೆಗೆ ಹೋಗುವುದು, ಲಖನೌದಿಂದ ವಿಮಾನ ಹತ್ತುವುದು. ಮತ್ತೆ ಗಯಾಕ್ಕೆ ಹಿಂದಿರುಗಿದರೆ ನೋಡಿದ ಹಾದಿಯನ್ನೇ ಇನ್ನೊಮ್ಮೆ ನೋಡಿಕೊಂಡು ಬರಬೇಕು. ದುಬಲಗುಂಡಿಯ ಅಂಬುಬಾಯಿ ಮಾತ್ರ ಒಪ್ಪಲೇ ಇಲ್ಲ. ಹೊಲದ ಕೂಲಿ ಬಿಟ್ಟು ಮೊದಲ ಸಲ ವಿಮಾನ ಹತ್ತುವ ಹೆಂಗಸು. "ಯಾವ ಬಾಗಲದಾಗ ಚಪ್ಪಲ ಬಿಟ್ಟೀವೋ ಅದೇ ಬಾಗಲಿಂದ ಹೊಳ್ಳಿ ಬರಬೇಕಲ್ಲೇನಬೇ?" ಎಂದು ಜಗಳವನ್ನೇ ತೆಗೆದಳು. ಚಪ್ಪಲಿ ಕಾಲಲ್ಲೇ ಇರುತ್ತದೆ ಎಂದು ನಾನೂ ನಕ್ಕೆ, ಅವಳೂ ನಕ್ಕಳು.

ನಿಮ್ಮ ಟಿಕೆಟ್ ಮಾತ್ರ ನನ್ನ ಕೈಗೆ ಬರಲಿಲ್ಲ. ಆಫೀಸಿನ ರಜೆ ಪ್ರವಾಸದ ಸವಲತ್ತಿದೆ, ಅದನ್ನು ನಾನೇ ಮಾಡಿಸಬೇಕು ಎಂದಿರಿ. ಸರ್ಕಾರಿ ನೌಕರಿಯವರ ಕಾನೂನು ನನಗೇನು ಗೊತ್ತು, ಆಗಲಿ ಎಂದೆ.

ಗಯಾದ ಎರಡು ದಿನ ನೀವು ಎಷ್ಟು ಒಳ್ಳೆಯವರಾಗಿದ್ದಿರಿ! ಹುಮನಾಬಾದಿನ ಪೇಟೆಯಲ್ಲಿ ನನ್ನಿಂದ ನಾಲ್ಕು ಮಾರು ಮುಂದೆ ನಡೆಯುತ್ತಿದ್ದ ಮನುಷ್ಯ ನನ್ನ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಡೆದಿರಿ. ನಾನು ಬಿಳಿ ಸೀರೆ, ನೀವು ಬಿಳಿ ಅಂಗಿ. ಅಲ್ಲಿಯ ಭಿಕ್ಷು ಭಂತೇಜಿ ಪಂಚಶೀಲ ಹೇಳಿಕೊಟ್ಟರು, ಇಬ್ಬರೂ ಒಟ್ಟಿಗೇ ಹೇಳಿದೆವು. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲ ಹೇಳುವಾಗ ನಿಮ್ಮ ದನಿಯೇ ನನ್ನದಕ್ಕಿಂತ ದೊಡ್ಡದಿತ್ತು. ಆಮೇಲೆ ಬೋಧಿವೃಕ್ಷದ ಕೆಳಗೆ ನನ್ನ ಹೆಗಲ ಮೇಲೆ ಕೈ ಹಾಕಿದಿರಿ. ಅಂಬುಬಾಯಿಯ ಕೈಗೆ ಮೊಬೈಲ್ ಕೊಟ್ಟು ಇನ್ನೊಂದು, ಇನ್ನೊಂದು ಎಂದು ತೆಗೆಸಿದಿರಿ. ನಾನು ಎಲ್ಲದರಲ್ಲೂ ಹಲ್ಲು ಬಿಟ್ಟಿದ್ದೇನೆ. ಮದುವೆಯ ಫೋಟೋದಲ್ಲೂ ಅಷ್ಟು ನಕ್ಕಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ನಮ್ಮ ಬಸ್ಸು ರಾಜಗೀರಕ್ಕೆ ಹೊರಡುವಾಗ ನೀವು ಬ್ಯಾಗ್ ಹಿಡಿದು ಬೇರೆ ರಿಕ್ಷಾದ ಹತ್ತಿರ ನಿಂತಿದ್ದಿರಿ. "ಆಫೀಸಿಂದ ಫೋನ್ ಬಂದದ, ಅರ್ಜೆಂಟ್ ಅದ, ಇವತ್ತೇ ಹೊಂಡಬೇಕು" ಎಂದಿರಿ. ಅಂದು ಭಾನುವಾರ. ಬಸವಕಲ್ಯಾಣದ ಯಾವ ಸರ್ಕಾರಿ ಕಚೇರಿ ಭಾನುವಾರ ಬೆಳಗ್ಗೆ ಗುಮಾಸ್ತನನ್ನು ನೆನೆಸುತ್ತದೆ? ಪ್ರವಾಸಿಗಳು ತುಂಬಿ ತುಳುಕುವ ದಿನಗಳಲ್ಲಿ ಅದೇ ಮಧ್ಯಾಹ್ನಕ್ಕೆ ಗಯಾದಿಂದ ಟಿಕೆಟ್ ಸಿಕ್ಕಿತು ಎಂದು ಬೇರೆ ಯಾರ ಮುಂದಾದರೂ ಹೇಳಿ, ಟಿಕೆಟ್ ಮಾರುವವಳ ಮುಂದೆ ಹೇಳಬೇಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಬಸ್ಸಿನಲ್ಲಿ ಎಲ್ಲರೂ ಕೇಳಿದರು. ಆಫೀಸಿನ ಕೆಲಸ ಎಂದು ನಾನೂ ಅದೇ ಸುಳ್ಳು ಹೇಳಿದೆ, ನಿಮ್ಮ ಮಾನ ಉಳಿಸಲು. ಹಿಂದಿನ ದಿನವಷ್ಟೇ ಪಂಚಶೀಲ ತೆಗೆದುಕೊಂಡ ಬಾಯಿ ನನ್ನದೂ.

ನಿನ್ನೆಯವರೆಗೂ ನಾನು ನಿಮ್ಮನ್ನು ಹೇಡಿ ಎಂದುಕೊಂಡಿದ್ದೆ. ಹೆಂಡತಿಯ ಜೊತೆ ಮತ್ತೆ ಬಾಳಲು ಆಸೆಯಿದೆ, ಧೈರ್ಯವಿಲ್ಲ, ಅರ್ಧ ದಾರಿಯಿಂದ ಓಡಿಹೋದರು ಎಂದು. ಹೇಡಿಯ ಮೇಲೆ ಕರುಣೆ ಬರುತ್ತದೆ. ಕುಶಿನಗರದಲ್ಲಿ, ಶ್ರಾವಸ್ತಿಯಲ್ಲಿ ನಿಮಗಾಗಿಯೇ ಮೇಣದಬತ್ತಿ ಹಚ್ಚಿದೆ. ನಿಮಗೆ ಬೇಕಾಗಿದ್ದದ್ದು ಒಂದು ಫೋಟೋ ಎಂದು ನಿನ್ನೆ ತಿಳಿಯಿತು. ಹುಡುಗಿ ನೋಡಲು ಬಂದವರು ಮೊದಲು ಅತ್ತಿಗೆಯನ್ನು ಕೇಳುತ್ತಾರೆ, ನಿಶ್ಚಯದ ದಿನ ಅಣ್ಣ-ಅತ್ತಿಗೆ ಜೋಡಿಯಾಗಿ ಬುದ್ಧರ ಮುಂದೆ ದೀಪ ಹಚ್ಚಬೇಕು, ಅತ್ತಿಗೆ ಮನೆ ಬಿಟ್ಟವಳು ಎಂದರೆ ಬೀಗರು ಚಹಾ ಮುಟ್ಟದೆ ಏಳುತ್ತಾರೆ. ಇದೆಲ್ಲ ನನಗೆ ಗೊತ್ತಿಲ್ಲವೇ? ನಾನೂ ಇದೇ ಸೀಮೆಯ ಹೆಣ್ಣು.

ನನ್ನನ್ನು ಕೇಳಿದ್ದರೆ ಸಾಕಿತ್ತು. ರತ್ನಮಾಲಾ, ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ, ಆದರೆ ಆಮ್ರಪಾಲಿಗಾಗಿ ಒಂದು ದಿನ ಬಂದು ನಿಲ್ಲು ಎಂದಿದ್ದರೆ ಮೊದಲ ಬಸ್ಸಿಗೇ ಬರುತ್ತಿದ್ದೆ. ಆ ಹುಡುಗಿಗೆ ಜಡೆ ಹಾಕಿ ಕಾಲೇಜಿಗೆ ಕಳಿಸಿದವಳು ನಾನು. ಅವಳಿಗಾಗಿ ಬೀಗರ ಮುಂದೆ ನಗುತ್ತಿದ್ದೆ, ಉಪ್ಪಿಟ್ಟು ಬಡಿಸುತ್ತಿದ್ದೆ, ಸಂಜೆ ತೆಪ್ಪಗೆ ಬಸ್ಸು ಹತ್ತುತ್ತಿದ್ದೆ. ನೀವು ಅದನ್ನು ಕೇಳಲಿಲ್ಲ. ಗಂಡ ಮರಳಿ ಬಂದ ಎಂಬ ಆಸೆ ಹುಟ್ಟಿಸಿ, ಅದರ ಚಿತ್ರ ತೆಗೆದುಕೊಂಡು, ಆಸೆಯನ್ನು ಗಯಾದಲ್ಲೇ ಎಸೆದು ಹೋದಿರಿ. ಅದನ್ನು ನಾನು ಕ್ಷಮಿಸುವುದಿಲ್ಲ.

ಭಾನುವಾರ ನಾನು ಬರುವುದಿಲ್ಲ. ಇಂದು ಬೆಳಗ್ಗೆ ಆಮ್ರಪಾಲಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ನಿಮ್ಮ ಉಪಾಯ ಗೊತ್ತಿರಲಿಲ್ಲ. "ವೈನಿ, ಆ ಫೋಟೋಕ್ಕ ನಾನೇ ಚೌಕಟ್ಟು ಹಾಕ್ಸೇನಿ, ನೀವು ಖರೇನೇ ಒಂದಾದ್ರಿ ಅಂತ ತಿಳಕೊಂಡು" ಎಂದು ಅತ್ತಳು. ಹುಲಸೂರದವರಿಗೆ ತಾನೇ ನಿಜ ಹೇಳುತ್ತೇನೆ, ಅದಾದ ಮೇಲೂ ಬಂದರೆ ಬರಲಿ ಎಂದಳು. ಅವಳಿಗೆ ಅಡ್ಡ ಬರಬೇಡಿ. ಬೀಗರು ಎದ್ದು ಹೋದರೆ ನಿಮ್ಮ ಮನೆಯವರು ನನ್ನನ್ನೇ ಶಪಿಸುತ್ತೀರಿ, ಗೊತ್ತು. ಆದರೂ ಸುಳ್ಳಿನ ಮೇಲೆ ಆ ಹುಡುಗಿಯನ್ನು ಕಳಿಸಲು ಮನಸ್ಸು ಬರಲಿಲ್ಲ.

ವಕೀಲರ ಕಾಗದ ಸಿದ್ಧಮಾಡಿಸಿ. ಎಲ್ಲಿ ಹೇಳುತ್ತೀರೋ ಅಲ್ಲಿ ಸಹಿ ಹಾಕುತ್ತೇನೆ.

ಇಷ್ಟು ದಿನ ನಿಮ್ಮವಳು,
ರತ್ನಮಾಲಾ

ತಾ.ಕ.: ಒಂದು ಮಾತು ಬರೆಯಬಾರದು ಎಂದುಕೊಂಡಿದ್ದೆ. ಹೊರಡುವುದಕ್ಕೆ ಒಂದು ವಾರ ಮುಂಚೆ, ಎಲ್ಲರಿಗೂ ಒಂದೇ ಕಡೆ ಸೀಟು ಹಿಡಿಯಲು ನಿಮ್ಮ ಟಿಕೆಟ್ಟಿನ ನಂಬರನ್ನು ಆಮ್ರಪಾಲಿಯಿಂದ ತರಿಸಿಕೊಂಡಿದ್ದೆ. ಮೂರನೆಯ ದಿನವೇ ಗಯಾದಿಂದ ವಾಪಸ್ ಎಂದು ಆಗಲೇ ನೋಡಿದೆ. ಕೇಳಲಿಲ್ಲ. ಎರಡು ದಿನ ಜೊತೆಗಿದ್ದರೆ ಮನಸ್ಸು ತಿರುಗೀತು ಎಂದು, ಲಖನೌದಿಂದ ನಿಮ್ಮ ಹೆಸರಿನಲ್ಲಿ ನಾನೇ ಇನ್ನೊಂದು ಟಿಕೆಟ್ ತೆಗೆದಿಟ್ಟಿದ್ದೆ. ವಿಮಾನದಲ್ಲಿ ಅಂಬುಬಾಯಿ ಕಿಟಕಿ ನೋಡಬೇಕೆಂದು ನನ್ನ ಪಕ್ಕಕ್ಕೆ ಕೂರಲು ಬಂದಳು. ಇಲ್ಲಿ ನಮ್ಮವರು ಬರುತ್ತಾರೆ ಎಂದು ಕಳಿಸಿಬಿಟ್ಟೆ. ಹೈದರಾಬಾದಿನವರೆಗೆ ಆ ಸೀಟು ಖಾಲಿ ಬಂತು.