ಬೋರ್ಡಿಂಗಿನ ಹುಳಿ

ಹುಮನಾಬಾದ
೧೪ ಮೇ ೧೯೪೯, ಶನಿವಾರ

ಚಿರಂಜೀವಿ ಪಾಂಡುರಂಗನಿಗೆ ಅಣ್ಣ ತುಳಜಾರಾಮನ ಆಶೀರ್ವಾದ.

ಆರೋಗ್ಯ ಹೇಗಿದೆಯಪ್ಪ? ಹೈದರಾಬಾದಿನ ಬಿಸಿಲಿನ ಜೊತೆಗೆ ಯೂನಿವರ್ಸಿಟಿ ಬೋರ್ಡಿಂಗಿನ ಆ ದೊಡ್ಡ ಒಲೆಗಳ ಹೊಗೆ ಬೇರೆ. ಕಣ್ಣು ಉರಿದರೆ ರೆಪ್ಪೆಗೆ ಹರಳೆಣ್ಣೆ ಹಚ್ಚಿಕೋ, ಉಜ್ಜಬೇಡ. ಇಲ್ಲಿ ಅವ್ವ ಕ್ಷೇಮ. ನನ್ನ ಮೊಣಕಾಲಿನ ಬಾವು ಇಳಿದಿದೆ, ಗುಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತೇನೆ. ನಿನ್ನ ವೈನಿ ರುಕ್ಮಿಣಿಬಾಯಿ ಮಾವಿನ ಉಪ್ಪಿನಕಾಯಿ ಹಾಕಿದ್ದಾಳೆ. ಮೊದಲ ಭರಣಿಯನ್ನು "ಇದು ಪಾಂಡುಗ" ಎಂದು ಗೋಡೆಯ ಮಾಡದಲ್ಲಿ ಎತ್ತಿಟ್ಟಿದ್ದಾಳೆ. ಹತ್ತೊಂಬತ್ತು ವರ್ಷ ನಾನು ಅದೇ ಒಲೆಯ ಮುಂದೆ ಬೆಂದೆ, ನನಗೆಂದು ಒಂದು ಭರಣಿಯೂ ಆ ಊರಿಗೆ ಬಂದಿರಲಿಲ್ಲ. ಇರಲಿ ಬಿಡು.

ಮೊನ್ನೆ ಇಲ್ಲೇ ಪಕ್ಕದ ಹುಡಗಿ ಎಂಬ ಹಳ್ಳಿಯ ಮಹಾರುದ್ರಪ್ಪ ಮನೆಗೆ ಬಂದಿದ್ದ. ಬಿ.ಎ. ಓದುವವನು, ರಜೆಗೆ ಬಂದಿದ್ದಾನೆ. ಹೋದ ವರ್ಷದ ಪೊಲೀಸ್ ಆಕ್ಷನ್ ಗದ್ದಲದಲ್ಲಿ ಬೋರ್ಡಿಂಗು ಮುಚ್ಚುವವರೆಗೆ ನನ್ನ ಕೈಯಲ್ಲೇ ಉಂಡವನು. ಹಳೆಯ ಋಣ ನೆನೆದು ನನ್ನನ್ನು ನೋಡಲು ಬಂದ ಎಂದು ಹಿಗ್ಗಿ ಚಾಪೆ ಹಾಸಿದೆ, ಚಹಾ ಮಾಡಿಸಿದೆ. ಚಹಾ ಅರ್ಧ ಕುಡಿಯುವುದರೊಳಗೆ ಶುರು ಹಚ್ಚಿದ. "ಕಾಕಾ, ಪಾಂಡು ಕಾಕಾನ ಹುಳಿ ಮುಂದ ಬಾಕಿ ಎಲ್ಲಾ ಫಿಕಾ ನೋಡ್ರಿ. ಹುಡುಗ್ರು ಮೂರ್ ಮೂರ್ ಸಲ ಹಾಕಿಸ್ಕೊಳ್ಳಾಕತ್ತಾರ." ಬಾಕಿ ಎಲ್ಲಾ ಎಂದರೆ ಯಾರದಪ್ಪ? ಆ ಒಲೆಯ ಮೇಲೆ ನಿನಗಿಂತ ಮೊದಲು ಹುಳಿ ಕುದಿಸಿದವನು ನಾನೊಬ್ಬನೇ! ಹೊಟ್ಟೆ ಉರಿಯಿತು ಪಾಂಡು. ಅಣ್ಣನಾದವನು ಹೀಗೆ ಬರೆಯಬಾರದು, ಆದರೆ ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಇನ್ನೊಂದು ಕಪ್ ಚಹಾ ಬೇಕೇ ಎಂದು ಅವನನ್ನು ಕೇಳಲಿಲ್ಲ.

ನಿನಗೇನು ಗೊತ್ತು ಆ ಬೋರ್ಡಿಂಗಿನ ಕಥೆ? ನೀನು ಹೋಗಿದ್ದು ಈ ಜನವರಿಯಲ್ಲಿ, ನನ್ನ ಮೊಣಕಾಲು ಕೈಕೊಟ್ಟಿತು ಎಂದು ನಾನೇ ಕಳಿಸಿದ್ದು. ನಾನು ಸೇರಿದಾಗ ನಮ್ಮ ಹುಡುಗರು ಮಣೆಯ ಮೇಲೆ ಸಾಲಾಗಿ ಕೂತು ಮುತ್ತುಗದ ಪತ್ರಾವಳಿಯಲ್ಲಿ ಉಣ್ಣುತ್ತಿದ್ದರು. ಜಾತಿಗೊಂದು ಸಾಲು. ಮುಸಲ್ಮಾನ ಹುಡುಗರ ಅಡುಗೆಮನೆ ಗೋಡೆಯ ಆಚೆ, ಅಲ್ಲಿ ನಮ್ಮ ಕಲ್ಯಾಣಿ ಊರಿನ ಮೊಹಿನುದ್ದೀನ್ ಅಡುಗೆಯವನು. ಆಮೇಲೆ ತಗಡಿನ ತಟ್ಟೆ ಬಂತು, ಬೆಂಚು ಬಂತು. ಬೆಂಚಿನ ಮೇಲೆ ಕೂತು ಉಣ್ಣುವುದಿಲ್ಲ ಎಂದು ಹಟ ಹಿಡಿದವರಿಗೆ ನಾನೇ ತಿಳಿಹೇಳಿ ಕೂರಿಸಿದೆ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ, ಹೊತ್ತಿಗೆ ಇನ್ನೂರು ಜೋಳದ ರೊಟ್ಟಿ ಬಡಿದೆ. ಅಂಗೈಯಲ್ಲಿ ಆ ದಡ್ಡು ಇನ್ನೂ ಇದೆ. ಈಗ ಎಲ್ಲರಿಗೂ ಒಂದೇ ಊಟದ ಹಾಲ್, ಎಲ್ಲರೂ ಒಂದೇ ಬೆಂಚಿನ ಮೇಲೆ. ಎಲ್ಲ ಹದವಾದ ಮೇಲೆ ನೀನು ಹೋಗಿ ಸೌಟು ಹಿಡಿದೆ, ಹೊಗಳಿಕೆಯೂ ನಿನ್ನ ಪಾಲಿಗೇ ಬಂತು.

ನಿನಗೆ ತಿಳಿಸದ ಒಂದು ಮಾತಿದೆ. ಬೋರ್ಡಿಂಗಿನ ಸಾಹೇಬರು ನನಗೆ ಕಾಗದ ಬರೆದು ಇಪ್ಪತ್ತು ದಿನವಾಯಿತು. ಜೂನಿನಿಂದ ಶಾಕಾಹಾರದ ಒಲೆಗೆ ಒಬ್ಬನೇ ಕಾಯಂ ಅಡುಗೆಯವನಂತೆ. "ನೀನು ಬರುತ್ತೀಯೋ, ಇಲ್ಲ ನಿನ್ನ ತಮ್ಮನನ್ನೇ ಇಟ್ಟುಕೊಳ್ಳೋಣವೋ" ಎಂದು ನನ್ನನ್ನು ಕೇಳಿದ್ದಾರೆ. ನಾನು ಬಂದರೆ ನೀನು ಮತ್ತೆ ಇಲ್ಲಿ ಮದುವೆ ಮನೆಗಳ ಅಡುಗೆಗೆ. ಕಾಗದವನ್ನು ಗಾದಿಯ ಕೆಳಗೆ ಇಟ್ಟುಕೊಂಡು ಮಲಗಿದೆ. ಹೆಂಡತಿ ರುಕ್ಮಿಣಿಗೂ ಹೇಳಲಿಲ್ಲ.

ಮಹಾರುದ್ರಪ್ಪನ ಮಾತು ಕೇಳಿದ ಮರುದಿನವೇ ಕಲ್ಯಾಣಿಗೆ ಹೋದೆ. ಊರಿನ ದಾರಿ ಒಡೆಯುವ ಫಾಟಾದಲ್ಲಿ ಬಸ್ಸು ಇಳಿದು ಬಿಸಿಲಲ್ಲಿ ಊರೊಳಗೆ ನಡೆದೆ. ಮೊಹಿನುದ್ದೀನ್ ರಜೆಗೆ ಬಂದಿದ್ದಾನಲ್ಲ, ಅವನ ಬಾಯಿಂದ ನಿನ್ನ ಹುಳಿಗೆ ಒಂದು ಕುಂದು ಹೇಳಿಸಬೇಕು ಎಂಬ ಆಸೆ. ಆ ಗದ್ದಲದಲ್ಲಿ ಅವನ ಮನೆ, ಮಕ್ಕಳು ಉಳಿದದ್ದನ್ನು ಕಣ್ಣಾರೆ ಕಂಡು ಸಮಾಧಾನವೂ ಆಯಿತು. ಕೇಳಿದ್ದಕ್ಕೆ ಅವನು ಗಡ್ಡ ನೀವಿಕೊಂಡು, "ಝೂಟ್ ಯಾಕ ಹೇಳ್ಲಿ ಭಾಯ್, ನಿಮ್ಮ ಹುಳಿಯೊಳಗ ಏನೋ ಒಂದ್ ಕಹಿ ಇರ್ತಿತ್ತು. ನಿಮ್ಮ ತಮ್ಮನ ಹುಳಿಯೊಳಗ ಅದಿಲ್ಲ" ಎಂದ. ಹತ್ತೊಂಬತ್ತು ವರ್ಷ ಹಬ್ಬ ಹಬ್ಬಕ್ಕೆ ಬೋಗುಣಿ ತುಂಬ ಕಳಿಸಿದ್ದೇನೆ, ಒಂದು ದಿನವಾದರೂ ಯಾಕೆ ಹೇಳಲಿಲ್ಲ ಎಂದರೆ, "ನೀವ್ ಕೇಳ್ಲಿಲ್ಲಲ್ರಿ" ಎಂದುಬಿಟ್ಟ!

ಆ ಕಹಿ ಏನೆಂದು ನನಗೆ ಗೊತ್ತು. ನಾನು ಮಸಾಲೆಗೆ ಕಲ್ಲುಹೂವು ಹಾಕುತ್ತಿದ್ದೆ, ಕಿರಾಣಿ ಅಂಗಡಿಯಲ್ಲಿ ಸಿಗುವ ಆ ಕರಿ ಪಾಚಿ, ಒಂದು ಹಿಡಿ ತುಂಬ. ಅದೇ ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ. ನಿನಗೆ ಕಲಿಸಿದ ಹದಿನೈದು ದಿನ ಕೊತ್ತಂಬರಿ, ಎಳ್ಳು, ಒಣಕೊಬ್ಬರಿ, ಎಲ್ಲ ಹೇಳಿದೆ, ಕಲ್ಲುಹೂವನ್ನು ಮಾತ್ರ ಬೇಕೆಂದೇ ಮುಚ್ಚಿಟ್ಟೆ. ನಿನ್ನ ಹುಳಿ ನನ್ನದರ ಸಮಕ್ಕೆ ಬರಬಾರದು, ಹುಡುಗರು ನನ್ನನ್ನೇ ನೆನೆಯಬೇಕು ಎಂದು. ಬೈದುಕೋ, ನನಗೆ ತಕ್ಕದ್ದೇ.

ಪರೀಕ್ಷೆಗೆಂದು ಉಳಿದ ಹುಡುಗರಿಗೆ ಹೊತ್ತಿಗೆ ಸರಿಯಾಗಿ ಬಡಿಸು. ಮಜ್ಜಿಗೆಗೆ ಜಾಸ್ತಿ ನೀರು ಬೆರೆಸಬೇಡ. ಅವ್ವ ನಿನ್ನ ತಲೆ ಮುಟ್ಟಿ ಹರಸಿದ್ದಾಳೆಂದು ತಿಳಿ, ವೈನಿಯೂ ನೆನೆಸಿದ್ದಾಳೆ. ಪ್ರಭುವಿನ ದಯೆ ನಿನ್ನ ಕೈಮೇಲಿರಲಿ.

ನಿನ್ನ ಅಣ್ಣ,
ತುಳಜಾರಾಮ

ತಾ.ಕ.: ಟಪಾಲಿನ ಬಸ್ಸು ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸಾಹೇಬರಿಗೆ ಇಂದು ಬೆಳಿಗ್ಗೆ ಉತ್ತರ ಹಾಕಿದೆ. ನಾನು ಬರುವುದಿಲ್ಲ, ತಮ್ಮನನ್ನೇ ಕಾಯಂ ಮಾಡಿರಿ ಎಂದು ಬರೆದಿದ್ದೇನೆ. ಅಣ್ಣ ದೊಡ್ಡ ಮನಸ್ಸು ಮಾಡಿದ ಎಂದು ಯಾರ ಮುಂದೆಯೂ ಹೇಳಿಕೊಂಡು ತಿರುಗಬೇಡ. ನಾನು ಬಡಿಸುವಾಗ ಯಾವನಾದರೂ ಹುಡುಗ ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, "ಪಾಂಡು ಕಾಕಾ ಎಲ್ಲಿ ಹೋಗ್ಯಾರ್ರಿ?" ಎಂದು ಕೇಳಿದರೆ ನಾನು ತಡೆದುಕೊಳ್ಳಲಾರೆ. ಅದಕ್ಕೇ ಬರುವುದಿಲ್ಲ.