ಹತ್ತು ಹೆಂಗಸರು, ನಾಲ್ಕರ ಹುಕುಮು

ಜನ ಗುಂಪು ಕೂಡದಂತೆ ಜಮಾವಬಂದಿಯ ಹುಕುಮು ಹೊರಡಿಸಿ ನಿಶ್ಚಿಂತೆಯಿಂದಿರುವ ಮಾನ್ಯ ಸಾಹೇಬರೇ,

ನಾವು ಹತ್ತು ಹೆಂಗಸರು. ನಾಲ್ವರಿಗಿಂತ ಹೆಚ್ಚು ಜನ ಕೂಡಿ ಊರ ಹೊರಗೆ ಹೋಗಕೂಡದೆಂದು ನಿಮ್ಮ ಹುಕುಮು. ಹತ್ತಕ್ಕಿಂತ ಕಡಿಮೆ ಹೆಂಗಸರು ಊರಬಾಗಿಲ ಅಗಸಿ ದಾಟಕೂಡದೆಂದು ನಮ್ಮ ಮನೆಗಳ ಹುಕುಮು. ಎರಡಕ್ಕೂ ವಿಧೇಯರಾಗಬೇಕಾದರೆ ನಾವು ಎಲ್ಲಿ ಕಾಲಿಡಬೇಕು? ಸದ್ಯಕ್ಕೆ ನಮ್ಮ ಮನೆಯ ಮಾಳಿಗೆಯ ಮೇಲೆ ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತಿದ್ದೇವೆ. ಅದಕ್ಕೂ ಪರವಾನಗಿ ಬೇಕಿದ್ದರೆ ತಿಳಿಸಬೇಕು.

ನಮ್ಮದು ರವಿವಾರದ ನಡಿಗೆ ಮಂಡಳಿ. ಮಳೆಗಾಲದಲ್ಲಿ ಎರೆಮಣ್ಣು ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿಸಿಲು ತಲೆ ಎತ್ತಗೊಡುವುದಿಲ್ಲ. ತೊಗರಿ ಹೂಬಿಡುವ ಈ ಆರೇಳು ರವಿವಾರಗಳಷ್ಟೇ ನಮ್ಮವು. ನಸುಕಿನಲ್ಲಿ ರೊಟ್ಟಿ ಗಂಟು ಕಟ್ಟಿಕೊಂಡು ಒಂದು ವಾರ ಬಬಲೇಶ್ವರದ ದಾರಿ, ಒಂದು ವಾರ ಟಿಕೋಟದ ದಾರಿ, ಹೀಗೆ ವಾರಕ್ಕೊಂದು ಹೊಸ ದಾರಿ ಹಿಡಿಯುತ್ತೇವೆ. ಬರುವಾಗ ಇದ್ದಿಲ ಗ್ಯಾಸಿನ ಮೋಟಾರು, ಅದು ಕೆಟ್ಟು ನಿಂತರೆ ನಾವೇ ಇಳಿದು ನೂಕುತ್ತೇವೆ. ಐದು ವರ್ಷದಲ್ಲಿ ನಾವು ಉರುಳಿಸಿದ್ದು ಆ ಮೋಟಾರೊಂದನ್ನೇ, ಸರಕಾರವನ್ನಲ್ಲ.

ಆದರೂ ಆಗಸ್ಟಿನ ಚಲೇಜಾವ್ ಗದ್ದಲದ ನಂತರ ನಿಯಮದಂತೆ ಅರ್ಜಿ ಕೊಟ್ಟೆ. 'ನಡಿಗೆಯ ಉದ್ದೇಶವೇನು?' ಎಂದು ಕೇಳಿದಿರಿ. 'ನಡೆಯುವುದು' ಎಂದು ಬರೆದೆ. 'ಉದ್ದೇಶ ಸ್ಪಷ್ಟವಿಲ್ಲ' ಎಂದು ಅರ್ಜಿ ಮರಳಿ ಬಂತು. ಇಪ್ಪತ್ತೆರಡು ವರ್ಷ ಸಾಲೆಯಲ್ಲಿ ಕಲಿಸಿದವಳು ನಾನು. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬರುವುದಿಲ್ಲ. ಕೊನೆಗೆ ತಾವೇ ಉದಾರ ಮನಸ್ಸಿನಿಂದ ದಾರಿ ತೋರಿಸಿದಿರಿ: ನಾಲ್ವರು, ನಾಲ್ವರು, ಇಬ್ಬರು, ನಡುವೆ ಎರಡು ಫರ್ಲಾಂಗು ಅಂತರ.

ಹೋದ ರವಿವಾರ ಹಾಗೆಯೇ ಟಿಕೋಟಕ್ಕೆ ಹೊರಟೆವು. ಎರಡನೆಯ ತಂಡದಲ್ಲಿ ಲಕ್ಕವ್ವ ಇದ್ದಳು. ಅವಳ ತವರು ಟಿಕೋಟ. ಮೂರು ವರ್ಷದ ಹಿಂದೆ ಬೀಗರು ಬೀಗರು ಜಗಳಾಡಿ, ಒಬ್ಬರ ಹೊಸ್ತಿಲು ಒಬ್ಬರು ತುಳಿಯುವುದಿಲ್ಲವೆಂದು ಆಣೆ ಮಾಡಿಕೊಂಡಿದ್ದಾರೆ. ಅಂದಿನಿಂದ ವರ್ಷಕ್ಕೊಮ್ಮೆ, ನಾವು ಟಿಕೋಟಕ್ಕೆ ನಡೆಯುವ ದಿನ, ಅವಳ ತಾಯಿ ಪರಸವ್ವ ಊರ ಹೊರಗಿನ ಹುಣಸೆಗಿಡದ ಕೆಳಗೆ ಮೊಸರಿನ ಗಡಿಗೆ ಇಟ್ಟುಕೊಂಡು ಮಗಳ ದಾರಿ ಕಾಯುತ್ತಾಳೆ. ಇದು ಅತ್ತೆ ಮುದುಕವ್ವನಿಗೂ ಗೊತ್ತು. "ಗಿಡಕ್ಕೇನು ಹೊಸ್ತಿಲ ಇರತೈತೇನ? ಹೋಗಿ ಬರ್ಲಿ ಬಿಡ್ರಿ," ಎಂದು ನನ್ನೆದುರೇ ಅಂದವಳು ಅವಳು. ಊರೆಲ್ಲ ಕಟುಕಿ ಎನ್ನುವ ಅತ್ತೆ ಸೊಸೆಗಾಗಿ ಒಂದು ಗಿಡದಷ್ಟು ಜಾಗ ಬಿಟ್ಟಿದ್ದಳು. ತಾವು ಅದನ್ನೂ ಬಿಡಲಿಲ್ಲ.

ಮುದುಕವ್ವ ರೂಢಿಯಂತೆ ಅಗಸಿಯಲ್ಲಿ ನಿಂತು ತಲೆ ಎಣಿಸಿದಳು.

"ಎಲ್ಲೆವ್ವಾ ಹತ್ತ ಮಂದಿ?"

"ನಾಕ ಮಂದಿ ಮುಂದ ಹೋಗ್ಯಾರ್ರಿ. ನಾವಿಬ್ಬರು ಹಿಂದ ಬರ್ತೇವಿ. ಸರಕಾರದ ಹುಕುಮು," ಅಂದೆ.

"ಹತ್ತ ಹೆಂಗಸರು ಹೊಂಟ್ರ ದೇವರಿಗೆ ಹೊಂಟಾರ ಅಂತಾರ. ನಾಕ ಹೆಂಗಸರು ಹೊಂಟ್ರ ಎಲ್ಲಿಗೋ ಹೊಂಟಾರ ಅಂತಾರ. ನಾಳೆ ಮಂದಿ ಬಾಯಿ ನಿಮ್ಮ ಸರಕಾರ ಮುಚ್ಚತೈತೇನು? ಲಕ್ಕವ್ವಾ, ನಡಿ ಮನಿಗೆ."

ಲಕ್ಕವ್ವ ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟು, "ಅವ್ವಗ ಕೊಡ್ರಿ ಅಕ್ಕೋರ" ಎಂದು ತಿರುಗಿ ನಡೆದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹನ್ನೆರಡು ಮೈಲು ಯೋಚಿಸುತ್ತ ನಡೆದೆ. ಟಿಕೋಟ ಬರುವ ಹೊತ್ತಿಗೆ ತಮ್ಮ ಮೇಲೆ ಎಂದು ನಿಶ್ಚಯವಾಯಿತು.

ಪರಸವ್ವನ ಕಣ್ಣಿಗೆ ಪೊರೆ ಬರುತ್ತಿದೆ. ಹೋದ ವರ್ಷ ದೂರದಿಂದಲೇ ಮಗಳನ್ನು ಗುರುತಿಸಿದ್ದಳು. ಈ ಸಲ ಮೊದಲು ಬಂದ ನಾಲ್ವರ ಗದ್ದ ಹಿಡಿದು, ಹತ್ತಿರಕ್ಕೆ ಎಳೆದುಕೊಂಡು, ಒಬ್ಬೊಬ್ಬರ ಮುಖ ನೋಡಿದಳಂತೆ. ಆಮೇಲೆ ಬಂದ ಮೂವರದು ನೋಡಿದಳಂತೆ. ಎಲ್ಲರೂ ಹಿಂದಿನ ತಂಡದ ಕಡೆಗೆ ಕೈ ತೋರಿಸಿದರಂತೆ. ಕೊನೆಗೆ ಬಂದವರು ನಾನು ಮತ್ತು ಚಾಂದಬಿ. ಚಾಂದಬಿಯ ಗದ್ದ ಬಿಟ್ಟು ನನ್ನದನ್ನು ಹಿಡಿದು ಕೇಳಿದಳು, "ಹಿಂದ ಇನ್ನೊಂದು ತಂಡ ಐತೇನವ್ವಾ?"

ಸಾಹೇಬರೇ, ನಾನು ಸುಳ್ಳು ಹೇಳಿದೆ. "ಇವತ್ತ ಮೈಯಾಗ ಆರಾಮಿಲ್ಲ. ಮುಂದಿನ ರವಿವಾರ ಬರ್ತಾಳ," ಅಂದೆ. "ಬರ್ಲಿ ಯವ್ವಾ, ಕಣ್ಣಾಗ ಇನ್ನೂ ಸ್ವಲ್ಪ ಬೆಳಕ ಐತಿ," ಎಂದು ಮೊಸರಿನ ಗಡಿಗೆ ನಮ್ಮ ಕಡೆಗೆ ಸರಿಸಿದಳು. ಉಂಡೆವು. ಲಕ್ಕವ್ವನ ರೊಟ್ಟಿಯ ಗಂಟನ್ನು ಅವಳ ಮಡಿಲಲ್ಲಿಟ್ಟು ಎದ್ದೆವು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಶನಿವಾರದೊಳಗೆ ಹತ್ತು ಹೆಂಗಸರು ಒಟ್ಟಿಗೆ ನಡೆಯಲು ಬರವಣಿಗೆಯಲ್ಲಿ ಅಪ್ಪಣೆ ಕೊಡಬೇಕು. ಬೇಕಾದರೆ ಹಿಂದೊಬ್ಬ ಸಿಪಾಯಿಯನ್ನು ಕಳಿಸಿರಿ, ಅವನಿಗೂ ರೊಟ್ಟಿ ಕಟ್ಟಿಕೊಳ್ಳುತ್ತೇವೆ. ಅದೂ ಆಗದಿದ್ದರೆ ತಾವೇ ಟಿಕೋಟಕ್ಕೆ ಹೋಗಬೇಕು. ಪರಸವ್ವ ರವಿವಾರ ಬೆಳಗಿನಿಂದ ಆ ಗಿಡದ ಕೆಳಗೆ ಕೂತಿರುತ್ತಾಳೆ. ಅವಳು ಒಬ್ಬಳೇ, ತಮ್ಮ ಹುಕುಮಿಗೆ ಅಡ್ಡಿಯಿಲ್ಲ. ತಮ್ಮ ಗದ್ದ ಹಿಡಿದು ಕೇಳುತ್ತಾಳೆ. ಉತ್ತರ ತಾವೇ ಹೇಳಿರಿ.

ಇಂತಿ,
ನಾಲ್ಕರ ಮೇಲೆ ಎಣಿಸಲು ಅಪ್ಪಣೆಯಿಲ್ಲದ ಲೆಕ್ಕದ ಶಿಕ್ಷಕಿ,
ಕಾಶಿಬಾಯಿ
ವಿಜಾಪುರ, ಅಕ್ಟೋಬರ್ 1942