ಒಳಗಿನ ಕ್ರಿಮಿ

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ನಿಮ್ಮಣ್ಣ ಹೋಗಿ ತಿಂಗಳಾಯಿತು. ಉಳಿ ತಾಗಿದ ಹೆಬ್ಬೆರಳಿಗೆ ಬ್ರಾಂದಿ ಸುರಿದು, "ಹೊರಗಿನ ಕ್ರಿಮಿ ಸತ್ತವು, ಒಳಗಿನವು ಬಾಕಿ ಕಣೇ" ಎಂದು ಉಳಿದದ್ದನ್ನು ಕುಡಿಯುತ್ತಿದ್ದರು. ನಾನೂ ನಗುತ್ತಿದ್ದೆ. ನಂಜು ಮೈಗೆಲ್ಲ ಏರಿದ ಮೇಲೆ ಡಾಕ್ಟರು ಹೇಳಿದರು: "ಕುಡಿದರೆ ಒಳಗಿನ ಕ್ರಿಮಿ ಸಾಯಲ್ಲಮ್ಮ. ಅದರ ಜೊತೆ ಹೋರಾಡೋ ಮೈಯ ಶಕ್ತಿಯೇ ಕುಂದುತ್ತೆ."

ಮೊನ್ನೆ ನೀನು ಕೆಮ್ಮುತ್ತಲೇ, "ಎರಡು ಗುಟುಕು ಹಾಕಿದ್ರೆ ಎದೆ ಸರಿಹೋಗುತ್ತೆ ಅತ್ತಿಗೆ" ಅಂದೆ. ಡಾಕ್ಟರ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತೀಯಲ್ಲ ಎಂದು ಲೋಟ ತಂದಿಟ್ಟೆ. ಮನೆಯಲ್ಲಿ ಇನ್ನೊಬ್ಬರ ದನಿ ಕೇಳಿ ಬಹಳ ದಿನವಾಗಿತ್ತು. ತಪ್ಪು ನನ್ನದು.

ನಾಳೆಯೇ ಆ ಕೆಮ್ಮನ್ನು ಡಾಕ್ಟರಿಗೆ ತೋರಿಸು. ಇಲ್ಲಿಗೆ ಬಂದಾಗ ಲೋಟ ಕೇಳಬೇಡ. ಕೇಳಿದರೆ ಇಲ್ಲವೆನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.

ಇಂತಿ,
ನಿನ್ನ ಅತ್ತಿಗೆ